ಕೆರೆಯೊಂದು, ಪಾಠಕ್ರಮಗಳು ಹಲವು

ಹಿರೇಕೆರೂರು ಎಂಬ ಹೆಸರನ್ನು ಬಿಡಿಸಿ ನೋಡಿದರೆ ಹಿರಿಯ ಕೆರೆಯುಳ್ಳ ಊರು ಎಂಬ ಅರ್ಥ ತಾನಾಗಿಯೇ ದೊರೆಯುತ್ತದೆ. ಊರಿಗೆ ಅಂಟಿಕೊಂಡಿರುವ ದುರ್ಗಾದೇವಿ ಕೆರೆಯು ಆ ಹೆಸರಿಗೆ ಇಂದಿಗೂ ಸಾಕ್ಷಿಯಾಗಿದೆ. ಹಾನಗಲ್ಲಿಗೆ ಆನೆಕೆರೆಯುಂಟು, ಸವಣೂರಿಗೆ ಮೋತಿ ತಲಾಬವುಂಟು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಪಶ್ಚಿಮದ ಮಲೆನಾಡ ಸೆರಗಿನಿಂದ ಪೂರ್ವದ ಎರೆನೆಲದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಭತ್ತದ ಗದ್ದೆಗಳು ಹಿಂದೆ ಸರಿದು ಜೋಳ ಹತ್ತಿಗಳು ಮುಂದೆ ಬರುತ್ತವೆ, ಕೆರೆಗಳೂ ವಿರಳವಾಗುತ್ತ ಹೋಗುತ್ತವೆ. ವಿರಳವಾದಷ್ಟೂ ಅವುಗಳ ಬೆಲೆ ಹೆಚ್ಚು. ಸವಣೂರಿನ ವೀಳ್ಯದೆಲೆಯ ಕೀರ್ತಿಯನ್ನು ಕೇಳಿದವರು ಆ ಬಳ್ಳಿ ಬಯಸುವ ನೀರನ್ನೂ ಸ್ವಲ್ಪ ನೆನೆಯಬೇಕು.

ಈ ಸೀಮೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ತನ್ನ ಊರಿನ ಕೆರೆಯನ್ನು ಎಲ್ಲೆಲ್ಲಿ ಓದುತ್ತಾನೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಭೂವಿಜ್ಞಾನದ ತರಗತಿಯಲ್ಲಿ ಹೂಳು ಕೂಡುವ ಬಗೆಯನ್ನು ಅವನು ಕಲಿಯುತ್ತಾನೆ. ಭೌತವಿಜ್ಞಾನದಲ್ಲಿ ನೀರು ಆವಿಯಾಗುವ ನಿಯಮವನ್ನು ಕಲಿಯುತ್ತಾನೆ. ಸಸ್ಯವಿಜ್ಞಾನದಲ್ಲಿ ಜಲಸಸ್ಯಗಳನ್ನು, ರಸಾಯನವಿಜ್ಞಾನದಲ್ಲಿ ನೀರಿನ ಗಡಸುತನವನ್ನು ಕಲಿಯುತ್ತಾನೆ. ಪರಿಸರ ಅಧ್ಯಯನವೆಂಬ ಕಡ್ಡಾಯ ಪತ್ರಿಕೆಯಲ್ಲಿ ಜಲಪರಿಸರ ವ್ಯವಸ್ಥೆಯ ಲಕ್ಷಣವನ್ನು ಬರೆಯುತ್ತಾನೆ. ಅವನ ಅಣ್ಣನೋ ತಂಗಿಯೋ ಕಾನೂನು ಓದಿದರೆ ೧೯೭೪ರ ಜಲಮಾಲಿನ್ಯ ನಿವಾರಣಾ ಕಾಯಿದೆಯನ್ನು ಕಂಠಪಾಠ ಮಾಡುತ್ತಾರೆ. ಆದರೆ ಮೇ ತಿಂಗಳಲ್ಲಿ ಊರಿಗೆ ಹೋದಾಗ ಕೆರೆಯ ಅಂಗಳದಲ್ಲಿ ಯಾರೋ ಬೇಲಿ ಹಾಕಿರುವುದನ್ನು ಕಂಡರೆ, ಅದು ತಪ್ಪೇ, ತಪ್ಪಾದರೆ ಎಷ್ಟು ಗಜದಷ್ಟು ತಪ್ಪು, ಅದನ್ನು ಯಾರಿಗೆ ಹೇಳಬೇಕು ಎಂಬುದನ್ನು ಇಬ್ಬರಲ್ಲಿ ಒಬ್ಬರೂ ಹೇಳಲಾರರು. ಒಬ್ಬನಿಗೆ ಅಳತೆ ತಿಳಿದಿದೆ, ಕಾಯಿದೆ ತಿಳಿಯದು. ಇನ್ನೊಬ್ಬಳಿಗೆ ಕಾಯಿದೆ ತಿಳಿದಿದೆ, ಅಳತೆ ತಿಳಿಯದು. ಕೆರೆಯು ಒಂದೇ ವಸ್ತುವಾಗಿರುವಾಗ ಅದರ ಜ್ಞಾನವು ಹೀಗೆ ಹೋಳಾಗಿರುವುದರಿಂದ ಆಗುವ ನಷ್ಟವು ಕೇವಲ ಶೈಕ್ಷಣಿಕವಾದದ್ದಲ್ಲ ಎಂದು ನಮ್ಮ ಅಭಿಪ್ರಾಯ.

ಈ ವಿಭಜನೆ ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿಯೇ ಬೇರೂರಿದೆ. ೧೯೪೯ರಲ್ಲಿ ಸ್ಥಾಪಿತವಾಗಿ ಮುಂದೆ ಧಾರವಾಡದಲ್ಲಿ ನೆಲೆಗೊಂಡ ಕರ್ನಾಟಕ ವಿಶ್ವವಿದ್ಯಾಲಯದ ಆರಂಭದ ವರ್ಷಗಳಲ್ಲಿ ವಿಜ್ಞಾನ, ಕಾನೂನು, ಕೃಷಿ, ಎಂಜಿನಿಯರಿಂಗ್ ಈ ಎಲ್ಲ ವಿಷಯಗಳ ಕಾಲೇಜುಗಳೂ ಒಂದೇ ಛತ್ರದ ಕೆಳಗೆ ಇದ್ದುವು. ಮುಂದೆ ಕೃಷಿ ಶಿಕ್ಷಣವು ಬೇರೆಯಾಯಿತು. ೧೯೮೬ರಲ್ಲಿ ಧಾರವಾಡದಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ೧೯೯೮ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದುವು. ಪಶುವೈದ್ಯ ಮತ್ತು ಮೀನುಗಾರಿಕೆಯ ಶಿಕ್ಷಣಕ್ಕೆ ಬೀದರದಲ್ಲಿ ವಿಶ್ವವಿದ್ಯಾಲಯವಾಯಿತು. ೨೦೦೯ರಲ್ಲಿ ರಾಜ್ಯದ ಕಾನೂನು ಕಾಲೇಜುಗಳಿಗಾಗಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭವಾಯಿತು. ೨೦೧೧ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ೨೦೨೩ರಲ್ಲಿ ಹಾವೇರಿ ವಿಶ್ವವಿದ್ಯಾಲಯವೂ ಬಂದಿತು. ಇಂತಹ ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೆ ಬೇಡವೆ ಎಂಬ ಚರ್ಚೆ ೨೦೨೫ರಲ್ಲಿ ಸರ್ಕಾರದ ಮಟ್ಟದಲ್ಲಿ ಎದ್ದದ್ದು ವಾಚಕರಿಗೆ ತಿಳಿದೇ ಇದೆ.

ಈ ಪ್ರತ್ಯೇಕತೆಗಳಿಗೆ ಒಂದೊಂದಕ್ಕೂ ಸಕಾರಣವುಂಟು, ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಶಿಗ್ಗಾಂವಿಯ ಹಳ್ಳಿಯೊಂದರ ಕೆರೆಯ ದೃಷ್ಟಿಯಿಂದ ಇದನ್ನು ನೋಡಿರಿ. ಅದರ ಏರಿ ಬೆಳಗಾವಿಗೆ ಸೇರಿತು, ಅದರ ಅಚ್ಚುಕಟ್ಟಿನ ಮಣ್ಣು ಧಾರವಾಡಕ್ಕೆ ಸೇರಿತು, ಅದರ ಮೀನು ಬೀದರಕ್ಕೆ ಹೋಯಿತು, ಅದರ ಗಡಿಕಲ್ಲು ಹುಬ್ಬಳ್ಳಿಯ ಪಾಲಾಯಿತು, ಅದರ ಹಾಡು ಮಾತ್ರ ಗೊಟಗೋಡಿಯಲ್ಲಿ ಉಳಿಯಿತು. 'ಕೆರೆಗೆ ಹಾರ' ಎಂಬ ಕಥನಗೀತೆಯಲ್ಲಿ ಕಟ್ಟಿಸಿದ ಕೆರೆಗೆ ಹನಿ ನೀರೂ ಬಾರದಿದ್ದುದೇ ದುರಂತಕ್ಕೆ ಮೂಲ. ಆ ಗೀತೆಯನ್ನು ಓದುವ ವಿದ್ಯಾರ್ಥಿಗೂ ಕೆರೆಗೆ ನೀರು ಏಕೆ ನಿಲ್ಲುವುದಿಲ್ಲ ಎಂಬುದನ್ನು ಓದುವ ವಿದ್ಯಾರ್ಥಿಗೂ ಪರಸ್ಪರ ಭೇಟಿಯೇ ಆಗುವುದಿಲ್ಲ.

ಹಿಂದಿನವರ ಪಾಠಕ್ರಮ ಹೀಗಿರಲಿಲ್ಲ ಎಂಬುದಕ್ಕೆ ಒಂದು ಶಾಸನದ ಆಧಾರವಿದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಅನಂತರಾಜಸಾಗರದ ಬಳಿ ೧೩೬೯ರ ಶಾಸನವೊಂದಿದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಕೆರೆಯನ್ನು ಮುಗಿಸಿದುವೆಂದು ಅದು ತಿಳಿಸುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರಲ್ಲಿ ಹೇಳಿರುವ ಕೆರೆಯ ಹನ್ನೆರಡು ಅಂಗಗಳು ಮತ್ತು ಆರು ದೋಷಗಳು. ಏರಿಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು: ಇವೇ ಆ ಆರು ದೋಷಗಳು. ಮೊದಲನೆಯದು ಎಂಜಿನಿಯರಿಂಗಿಗೆ ಸೇರಿದ್ದು, ಎರಡನೆಯದು ಮಣ್ಣಿನ ರಸಾಯನ, ನಾಲ್ಕನೆಯದು ಭೂರಚನೆ, ಕೊನೆಯ ಎರಡು ಕೃಷಿ ಅರ್ಥಶಾಸ್ತ್ರ. ಮೂರನೆಯದು ಶುದ್ಧಾಂಗವಾಗಿ ಕಾನೂನಿನದು. ಶಾಸನವನ್ನು ರಚಿಸಿದವನಿಗೆ ಇವು ಬೇರೆ ಬೇರೆ ವಿಷಯಗಳೆಂದು ತೋರಲಿಲ್ಲ. ಜಿನುಗುವ ಏರಿಯೂ ವಿವಾದದ ಗಡಿಯೂ ಅವನಿಗೆ ಒಂದೇ ಜಾತಿಯ ದೋಷಗಳು, ಏಕೆಂದರೆ ಎರಡರಿಂದಲೂ ಕೆರೆ ಬತ್ತುತ್ತದೆ.

ಮೂರನೆಯ ದೋಷಕ್ಕೆ ನಮ್ಮ ಸೀಮೆಯಲ್ಲಿಯೇ ಹತ್ತಿರದ ನಿದರ್ಶನವಿದೆ. ಅವಿಭಜಿತ ಹಿರೇಕೆರೂರು ತಾಲ್ಲೂಕಿನ ಮಾಸೂರಿನ ಬಳಿ ಎರಡು ಗುಡ್ಡಗಳ ನಡುವಣ ಕಂದರದಲ್ಲಿ ಕುಮುದ್ವತಿ ನದಿಯನ್ನು ತಡೆದು ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯು ಪ್ರಸಿದ್ಧವಾದದ್ದು. (ಕಡೂರು ತಾಲ್ಲೂಕಿನ ಮದಗದ ಕೆರೆ ಬೇರೆ, ಎರಡನ್ನೂ ಒಂದೆಂದು ಬರೆಯುವ ಅಭ್ಯಾಸ ವಿದ್ಯಾರ್ಥಿಗಳಲ್ಲಿದೆ.) ಮೂಲ ಕೆರೆ ಒಡೆದ ಮೇಲೆ ಬಹುಕಾಲ ಕಳೆದು ಅದರ ಒಂದು ಭಾಗವನ್ನಷ್ಟೇ ಜೀರ್ಣೋದ್ಧಾರ ಮಾಡಲಾಯಿತು. ಈ ನದಿಯು ಶಿವಮೊಗ್ಗದ ಸೀಮೆಯಲ್ಲಿ ಹುಟ್ಟಿ ಶಿಕಾರಿಪುರವನ್ನು ಹಾದು ಇತ್ತ ಬರುತ್ತದೆ. ೧೯೫೬ರ ನವೆಂಬರ್ ೧ರವರೆಗೆ ಅದರ ಮೇಲ್ದಂಡೆ ಮೈಸೂರು ರಾಜ್ಯದಲ್ಲಿ, ಕೆಳದಂಡೆ ಮುಂಬಯಿ ರಾಜ್ಯದಲ್ಲಿ ಇದ್ದಿತು. ನದಿ ಒಂದೇ, ಕಾಯಿದೆಗಳು ಎರಡು. ರಾಜ್ಯಗಳ ಏಕೀಕರಣದಿಂದ ಈ ದೋಷ ನಿವಾರಣೆಯಾಯಿತೆಂದು ತೋರಬಹುದು. ಆದರೆ ಜಿಲ್ಲೆಗಳ ಗಡಿಗಳು ಉಳಿದೇ ಇವೆ. ಹಾನಗಲ್ಲಿನ ಕೆರೆಗಳಿಗೆ ನೀರುಣಿಸುವ ಧರ್ಮಾ ಜಲಾಶಯವಿರುವುದು ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನ ಮಳಗಿಯ ಬಳಿ. ಮೇಲಿನ ಕಾಡು ಒಂದು ಜಿಲ್ಲೆಯದು, ಕೆಳಗಿನ ಗದ್ದೆ ಇನ್ನೊಂದು ಜಿಲ್ಲೆಯದು. ಕಾಡು ಬೋಳಾದರೆ ಹೂಳು ಬಂದು ಬೀಳುವುದು ಗದ್ದೆಯವರ ನೀರಿನ ಹಾದಿಗೆ.

ಹೂಳಿನ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಾನೂನಿನ ವಿದ್ಯಾರ್ಥಿಗಳು ದಯವಿಟ್ಟು ಲೆಕ್ಕವನ್ನು ದಾಟಿ ಹೋಗಬಾರದು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಘನಮೀಟರ್ ನೀರಾಗುತ್ತದೆ. ಇನ್ನೂರು ಹೆಕ್ಟೇರ್ ಜಲಾನಯನವುಳ್ಳ ಕೆರೆಯ ಮೇಲ್ಭಾಗದಲ್ಲಿ ೫೦ ಮಿಲಿಮೀಟರಿನ ಒಂದು ದೊಡ್ಡ ಮಳೆ ಬಿದ್ದಿತೆನ್ನೋಣ. ಒಟ್ಟು ನೀರು ಒಂದು ಲಕ್ಷ ಘನಮೀಟರ್. ಅದರಲ್ಲಿ ಕಾಲು ಭಾಗ ಮಾತ್ರ ಹರಿದು ಬಂದರೆ ೨೫,೦೦೦ ಘನಮೀಟರ್ ಕೆರೆಗೆ ಸೇರುತ್ತದೆ. ಆ ಹರಿವಿನೊಂದಿಗೆ ಮಣ್ಣೂ ಬರುತ್ತದೆ. ನೀರಿನ ವೇಗ ತಗ್ಗಿದಾಗ ಮೊದಲು ಮರಳು, ಅನಂತರ ಗೋಡು, ಕಡೆಯದಾಗಿ ಏರಿಯ ಸಮೀಪದ ನಿಶ್ಚಲ ಜಲದಲ್ಲಿ ಜೇಡಿ ತಂಗುತ್ತವೆ. ಆದುದರಿಂದಲೇ ಒಂದೇ ಕೆರೆಯ ಬಾಯಿಯಲ್ಲಿ ಸಿಗುವ ಹೂಳು ಬೇರೆ, ತೂಬಿನ ಬಳಿ ಸಿಗುವ ಹೂಳು ಬೇರೆ. ಹೊಲಕ್ಕೆ ಹೂಳು ಹೊಡೆಯುವ ರೈತನು ಇದನ್ನು ಪುಸ್ತಕ ಓದದೆಯೇ ಬಲ್ಲನು.

ಈಗ ಹತ್ತು ಹೆಕ್ಟೇರ್ ವಿಸ್ತಾರವೂ ಸರಾಸರಿ ಎರಡು ಮೀಟರ್ ಆಳವೂ ಉಳ್ಳ ಕೆರೆಯನ್ನು ಕಲ್ಪಿಸಿಕೊಳ್ಳಿರಿ. ಅದು ಹಿಡಿಯುವ ನೀರು ಎರಡು ಲಕ್ಷ ಘನಮೀಟರ್. ಬೇಸಗೆಯಲ್ಲಿ ದಿನವೊಂದಕ್ಕೆ ೫ ಮಿಲಿಮೀಟರ್ ಆವಿಯಾಗುತ್ತದೆಂದು ಇಟ್ಟುಕೊಂಡರೆ ದಿನಕ್ಕೆ ೫೦೦ ಘನಮೀಟರ್, ನಾಲ್ಕು ತಿಂಗಳಿಗೆ ೬೦,೦೦೦ ಘನಮೀಟರ್ ನಷ್ಟ. ಇದು ಒಟ್ಟು ನೀರಿನ ನೂರಕ್ಕೆ ಮೂವತ್ತರಷ್ಟು. ಇದೇ ಕೆರೆಯಲ್ಲಿ ಒಂದು ಮೀಟರ್ ಹೂಳು ತುಂಬಿದಾಗ ಹಿಡಿಯುವ ನೀರು ಒಂದು ಲಕ್ಷಕ್ಕೆ ಇಳಿಯುತ್ತದೆ. ಆದರೆ ಆಕಾಶಕ್ಕೆ ತೆರೆದ ಮೈ ಅಷ್ಟೇ ಇರುವುದರಿಂದ ಆವಿಯಾಗುವ ನೀರೂ ಅಷ್ಟೇ. ಎಂದರೆ ನಷ್ಟವು ನೂರಕ್ಕೆ ಅರವತ್ತಾಗುತ್ತದೆ. ನೀರು ಇಳಿದಂತೆ ಮೈಯೂ ಕುಗ್ಗುವುದರಿಂದ ವಾಸ್ತವದಲ್ಲಿ ಲೆಕ್ಕ ಸ್ವಲ್ಪ ಬದಲಾಗುವುದು ನಿಜ, ಪ್ರವೃತ್ತಿ ಮಾತ್ರ ಬದಲಾಗದು. ಹೂಳು ತುಂಬಿದ ಕೆರೆ ಕಡಿಮೆ ನೀರು ಹಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತು; ಹಿಡಿದ ಅಲ್ಪ ನೀರನ್ನೂ ಅದು ದುಂದು ಮಾಡುತ್ತದೆಂಬುದು ಲೆಕ್ಕದಿಂದ ಮಾತ್ರ ಗೊತ್ತಾಗುತ್ತದೆ. ಹಾಗೆಂದು ಹೂಳೆತ್ತುವ ಯಂತ್ರವನ್ನು ಮನಸ್ವೀ ಇಳಿಸುವುದೂ ಸಲ್ಲದು. ತಳದ ಜೇಡಿಯ ಪದರವೇ ನೀರನ್ನು ಹಿಡಿದಿಟ್ಟಿರುವುದುಂಟು. ಅದನ್ನು ಸೀಳಿ ಕೆಳಗಿನ ಗೊರಚಿಗೆ ತಲುಪಿದರೆ ಪೋರುಮಾಮಿಳ್ಳದ ಶಾಸನ ಹೆದರಿದ್ದ ಜಿನುಗು ಏರಿಯ ಬದಲು ತಳದಲ್ಲಿಯೇ ಹುಟ್ಟುತ್ತದೆ.

ಇಲ್ಲಿಯವರೆಗೆ ವಿಜ್ಞಾನವಾಯಿತು. ಮುಂದಿನ ಹೆಜ್ಜೆ ಕಾನೂನಿನೊಳಕ್ಕೆ ಬೀಳುತ್ತದೆ. ಕೆರೆಯ ಅಂಗಳ ಬಹುಮಟ್ಟಿಗೆ ಸಮತಟ್ಟಾದದ್ದು. ಇನ್ನೂರು ಮೀಟರಿಗೆ ಒಂದು ಮೀಟರಿನಂತೆ ಅದು ಇಳಿಜಾರಾಗಿದೆಯೆನ್ನೋಣ. ಕೋಡಿಯ ಕಲ್ಲುಗಳಲ್ಲಿ ಒಂದು ಸಾಲನ್ನು ಯಾರಾದರೂ ಕಿತ್ತು ಅದರ ಎತ್ತರವನ್ನು ಅರ್ಧ ಮೀಟರಿನಷ್ಟು ತಗ್ಗಿಸಿದರೆ ನೀರಿನ ಅಂಚು ನೂರು ಮೀಟರ್ ಹಿಂದೆ ಸರಿಯುತ್ತದೆ. ಒಂದು ಇರುಳಿನ ಕೆಲಸದಿಂದ ನೂರು ಮೀಟರ್ ಅಗಲದ ನೆಲ ಒಣಗುತ್ತದೆ. ಒಣಗಿದ ನೆಲದಲ್ಲಿ ಮೊದಲ ವರ್ಷ ಕಡಲೆ, ಮರುವರ್ಷ ಬೇಲಿ, ಮೂರನೆಯ ವರ್ಷ ಕೊಟ್ಟಿಗೆ. ಒತ್ತುವರಿಯೆಂದರೆ ಗಡಿಯಲ್ಲಿ ನಡೆಯುವ ಅಪರಾಧವೆಂದು ಕಾನೂನಿನ ತರಗತಿಯಲ್ಲಿ ತಿಳಿಯಲಾಗುತ್ತದೆ. ಅದರ ಮೂಲ ಕೃತ್ಯವು ಗಡಿಯಿಂದ ಬಹುದೂರದ ಕೋಡಿಯಲ್ಲಿ ನಡೆದಿರಬಹುದೆಂಬುದನ್ನು ತೋರಿಸುವುದು ಮಟ್ಟಸಾಧನ ಹಿಡಿದ ವಿಜ್ಞಾನದ ವಿದ್ಯಾರ್ಥಿ.

ಗಡಿಯಾದರೂ ಎಲ್ಲಿದೆ? ಧಾರವಾಡ ಜಿಲ್ಲೆಯಲ್ಲಿ ೧೮೪೦ರ ದಶಕದಲ್ಲಿ ವಿಂಗೇಟನ ನೇತೃತ್ವದಲ್ಲಿ ಕಂದಾಯ ಮೋಜಣಿ ನಡೆಯಿತು. ಅದರ ಉದ್ದೇಶ ತೆರಿಗೆಯನ್ನು ಗೊತ್ತುಪಡಿಸುವುದು. ಸಾಗುವಳಿಯಾಗದ, ತೆರಿಗೆ ತಾರದ ನೆಲಕ್ಕೆ ಕಂದಾಯದ ಭಾಷೆಯಲ್ಲಿ ಖರಾಬು ಎಂದು ಹೆಸರು. ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ನೆಲವು ಅದರಲ್ಲಿ 'ಬ' ವರ್ಗಕ್ಕೆ ಸೇರುತ್ತದೆ. ಊರಿನ ಎಲ್ಲಕ್ಕಿಂತ ಬೆಲೆಯುಳ್ಳ ಆಸ್ತಿಯು ಕೆಟ್ಟ ನೆಲವೆಂಬ ಅರ್ಥದ ಹೆಸರಿನ ಕೆಳಗೆ ದಾಖಲೆಯನ್ನು ಸೇರಬಹುದಾದದ್ದು ವಿಚಿತ್ರವಾದರೂ ಅದರಿಂದ ಲಾಭವೂ ಆಗಿದೆ: ಯಾರ ಹೆಸರಿಗೂ ಪಟ್ಟಾ ಆಗದೆ ಉಳಿದ ನೆಲ ಅದು. ಮುಂಬಯಿಯ ೧೮೭೯ರ ಕಂದಾಯ ಸಂಹಿತೆಯ ೩೭ನೆಯ ಕಲಮಿನಂತೆಯೂ ಅನಂತರ ಬಂದ ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೬೭ನೆಯ ಕಲಮಿನಂತೆಯೂ ನದಿ, ಹಳ್ಳ, ಕೆರೆಗಳ ಪಾತ್ರವು ಸರ್ಕಾರದ ಸ್ವತ್ತು. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದುದರಿಂದ ಅಲ್ಲಿಯ ಹಳೆಯ ದಾಖಲೆಗಳ ಹಾದಿ ಬೇರೆ. ಕೋಡ ತಾಲ್ಲೂಕೆಂದು ಕರೆಯಲಾಗುತ್ತಿದ್ದ ಇಂದಿನ ಹಿರೇಕೆರೂರು, ಬಂಕಾಪುರ ತಾಲ್ಲೂಕೆಂದು ಕರೆಯಲಾಗುತ್ತಿದ್ದ ಇಂದಿನ ಶಿಗ್ಗಾಂವಿ ಇವುಗಳ ಕಾಗದಗಳನ್ನು ಹುಡುಕುವವರೂ ಹಳೆಯ ಹೆಸರುಗಳನ್ನು ತಿಳಿದಿರಬೇಕು. ಇದು ಇತಿಹಾಸದ ಪಾಠವೆಂದು ತೋರಬಹುದು. ತಾಲ್ಲೂಕು ಕಚೇರಿಯ ದಾಖಲೆಕೋಣೆಯಲ್ಲಿ ನಿಂತವನಿಗೆ ಅದು ಕಾನೂನಿನ ಪಾಠವೇ.

ಸ್ವತ್ತು ಸರ್ಕಾರದ್ದು ಎಂದಾದ ಮೇಲೆ ಯಾವ ಸರ್ಕಾರದ್ದು, ಯಾವ ಇಲಾಖೆಯದು ಎಂಬ ಪ್ರಶ್ನೆ ಹುಟ್ಟುತ್ತದೆ. ಸಂವಿಧಾನದ ರಾಜ್ಯಪಟ್ಟಿಯ ೧೭ನೆಯ ನಮೂದಿನಲ್ಲಿ ನೀರು, ನೀರಾವರಿಗಳು ರಾಜ್ಯದ ವಿಷಯವೆಂದಿದೆ. ೭೩ನೆಯ ತಿದ್ದುಪಡಿಯಿಂದ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಸಣ್ಣ ನೀರಾವರಿ ಮತ್ತು ಜಲಾನಯನಗಳು ಪಂಚಾಯತಿಗೆ ಒಪ್ಪಿಸಬಹುದಾದ ವಿಷಯಗಳು. ಕರ್ನಾಟಕದ ರೂಢಿಯಲ್ಲಿ ೪೦ ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ಕೈಯಲ್ಲಿಯೂ, ಅದಕ್ಕೆ ಮೇಲ್ಪಟ್ಟು ೨,೦೦೦ ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯ ಕೈಯಲ್ಲಿಯೂ ಇವೆ. ಮೀನಿನ ಗುತ್ತಿಗೆಗೆ ಒಂದು ಕಚೇರಿ, ನೆಲದ ಒತ್ತುವರಿಗೆ ಇನ್ನೊಂದು, ಕೊಳಚೆ ಸೇರಿದರೆ ಮತ್ತೊಂದು. ಹಿಂದೆ ಕೆರೆಯ ಕೆಳಗಿನ ಗದ್ದೆಯ ಒಂದು ಪಾಲನ್ನು ಕೆರೆಯ ದುರಸ್ತಿಗೆಂದೇ ಬಿಡುತ್ತಿದ್ದರು; ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೊಡಗೆ ಮೊದಲಾದ ಶಬ್ದಗಳು ಈ ಏರ್ಪಾಡನ್ನು ಸೂಚಿಸುತ್ತವೆ. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಆನುವಂಶಿಕ ಗ್ರಾಮಸೇವೆಗಳು ಕೊನೆಗೊಂಡುವು. ಅದು ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಆಗಲೇಬೇಕಾಗಿದ್ದ ಸುಧಾರಣೆ. ಹುಟ್ಟಿನಿಂದ ಹೇರಿದ ಚಾಕರಿಯನ್ನು ಯಾರೂ ಮರಳಿ ಬಯಸಲಾರರು. ಆದರೆ ತೂಬು ತೆರೆಯುವ, ಏರಿಯ ಮೇಲಿನ ಗಿಡ ಕೀಳುವ ಕೆಲಸಕ್ಕೆ ಬದಲಿಯನ್ನು ಏರ್ಪಡಿಸುವುದು ಹಿಂದುಳಿಯಿತು. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಾವೇರಿಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಜಲಸಂವರ್ಧನೆಯ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಈ ಕೊರತೆಯನ್ನು ತುಂಬಲು ಯತ್ನಿಸಿತು.

ಇಷ್ಟರಮಟ್ಟಿಗೆ ವಿಜ್ಞಾನ ಕಾನೂನುಗಳು ಒಂದನ್ನೊಂದು ಪೂರೈಸುತ್ತವೆ ಎನ್ನಬಹುದು. ಅವು ಪರಸ್ಪರ ವಿರೋಧಿಸುವ ಸ್ಥಳವೂ ಒಂದುಂಟು, ಮತ್ತು ಆ ಸ್ಥಳ ಯಾವುದೆಂದರೆ ನಮ್ಮ ಈ ನಾಲ್ಕು ತಾಲ್ಲೂಕುಗಳ ಕೆರೆಯೇ. ಪರಿಸರ ವಿಜ್ಞಾನದ ದೃಷ್ಟಿಯಲ್ಲಿ ಕೆರೆಯು ತರಿಭೂಮಿ, ಅಥವಾ ಈಚಿನ ಶಬ್ದದಲ್ಲಿ ಹೇಳುವುದಾದರೆ ಜೌಗುಪ್ರದೇಶ. ೧೯೭೧ರ ಫೆಬ್ರವರಿ ೨ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಂತೆ ಸ್ವಾಭಾವಿಕವೋ ಕೃತಕವೋ, ಸದಾ ನೀರಿರುವುದೋ ಕೆಲಕಾಲ ಮಾತ್ರ ನೀರಿರುವುದೋ, ಯಾವುದಾದರೂ ಅದು ತರಿಭೂಮಿಯೇ. ಭಾರತವು ೧೯೮೨ರಲ್ಲಿ ಈ ಒಪ್ಪಂದಕ್ಕೆ ಸೇರಿತು. ೨೦೧೦ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ವ್ಯಾಖ್ಯೆಯಲ್ಲಿ ಕೆರೆಗಳ ಹೆಸರು ಸ್ಪಷ್ಟವಾಗಿಯೇ ಇದ್ದಿತು. ೨೦೧೭ರಲ್ಲಿ ಆ ನಿಯಮಗಳನ್ನು ತೆಗೆದು ಹೊಸ ನಿಯಮಗಳನ್ನು ಮಾಡಿದಾಗ, ಕುಡಿಯುವ ನೀರಿಗೆಂದೇ ಮನುಷ್ಯರು ನಿರ್ಮಿಸಿದ ಕೆರೆಗಳನ್ನೂ ನೀರಾವರಿಗೆಂದೇ ಕಟ್ಟಿದ ರಚನೆಗಳನ್ನೂ ವ್ಯಾಖ್ಯೆಯಿಂದ ಹೊರಗಿಡಲಾಯಿತು. ಪರಿಣಾಮವೇನು? ಹಾನಗಲ್ಲಿನ ಹಳ್ಳಿಯೊಂದರ ಕೆರೆಯ ದಂಡೆಯಲ್ಲಿ ನಿಂತು ಸಸ್ಯವಿಜ್ಞಾನದ ಅಧ್ಯಾಪಕರು ಇದು ತರಿಭೂಮಿ ಎನ್ನುತ್ತಾರೆ. ಅದೇ ದಂಡೆಯಲ್ಲಿ ನಿಂತು ಕಾನೂನಿನ ಅಧ್ಯಾಪಕರು ಇದು ನೀರಾವರಿಯ ರಚನೆ, ಆದುದ್ದರಿಂದ ತರಿಭೂಮಿಯಲ್ಲ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಪಠ್ಯದಂತೆ ಸರಿ. ಇಬ್ಬರ ವಿದ್ಯಾರ್ಥಿಗಳೂ ಪೂರ್ಣಾಂಕ ಪಡೆಯುತ್ತಾರೆ.

ಈ ವಿರೋಧವು ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿದೆಯೆಂಬುದನ್ನು ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಯಿಂದ ಅರಿಯಬಹುದು. ಸುಮಾರು ೫೪ ಹೆಕ್ಟೇರ್ ವಿಸ್ತಾರದ ಆ ಕೆರೆಯನ್ನೂ ಮಳೆನೀರನ್ನು ನಿಲ್ಲಿಸಿ ಬೇಸಾಯಕ್ಕೆ ಒದಗಿಸಲೆಂದೇ ಕಟ್ಟಲಾಗಿತ್ತು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬಂದು ತಂಗುತ್ತವೆ. ೨೦೨೪ರ ಜನವರಿಯಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯೂ ಆಗಲೇ ಸೇರಿತು. ರಾಮ್ಸರ್ ಪಟ್ಟಿಯಲ್ಲಿರುವ ತಾಣಗಳಿಗೆ ೨೦೧೭ರ ನಿಯಮಗಳು ಅನ್ವಯಿಸುತ್ತವೆ. ಒಂದೇ ಬಗೆಯ ಉದ್ದೇಶದಿಂದ ಕಟ್ಟಿದ ಎರಡು ಕೆರೆಗಳಲ್ಲಿ ಒಂದು ಜಗತ್ತಿನ ಮಹತ್ವದ ತರಿಭೂಮಿ, ಇನ್ನೊಂದು ತರಿಭೂಮಿಯೇ ಅಲ್ಲ. ನಡುವೆ ಇರುವ ಅಂತರ ಒಂದು ಹಿಂಡು ಹಕ್ಕಿಗಳದು ಮತ್ತು ಆ ಹಕ್ಕಿಗಳನ್ನು ಎಣಿಸಿ ಬರೆದಿಟ್ಟವರದು. ಎಣಿಸಿದವರು ಇದ್ದುದರಿಂದ ಮಾಗಡಿಗೆ ಹೆಸರಾಯಿತು. ನಮ್ಮ ಕೆರೆಗಳಿಗೆ ಬರುವ ಹಕ್ಕಿಗಳನ್ನು ವರ್ಷವರ್ಷವೂ ತಪ್ಪದೆ ಎಣಿಸುತ್ತಿರುವ ಕಾಲೇಜುಗಳು ಎಷ್ಟು?

ನ್ಯಾಯಾಲಯಗಳು ಈ ವಿಷಯದಲ್ಲಿ ಸುಮ್ಮನಿಲ್ಲ. ತಿರುಪತಿಯ ಅವಿಲಾಲ ಮತ್ತು ಪೇರೂರು ಕೆರೆಗಳ ಸಂಬಂಧದ ಮೊಕದ್ದಮೆಯಲ್ಲಿ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆರೆಗಳನ್ನು ಸರ್ಕಾರವು ಜನತೆಯ ಪರವಾಗಿ ನ್ಯಾಸದಂತೆ ಹಿಡಿದಿದೆಯೆಂಬ ತತ್ತ್ವವನ್ನು ಅನ್ವಯಿಸಿತು. ೨೦೧೧ರ ಜಗಪಾಲ ಸಿಂಗ್ ಮೊಕದ್ದಮೆಯಲ್ಲಿ ಗ್ರಾಮದ ಕೊಳಗಳ ಒತ್ತುವರಿಯನ್ನು ತೆರವು ಮಾಡಿಸಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಉಪಗ್ರಹ ಚಿತ್ರಗಳ ಆಧಾರದಿಂದ ಗುರುತಿಸಲಾದ, ೨.೨೫ ಹೆಕ್ಟೇರಿಗಿಂತ ದೊಡ್ಡದಾದ ೨,೦೧,೫೦೩ ತರಿಭೂಮಿಗಳನ್ನು ಕಾಪಾಡಬೇಕೆಂದು ೨೦೧೭ರಲ್ಲಿ ಆಜ್ಞೆಯಾಯಿತು. ಮುಂದಿನ ಎಣಿಕೆಯಲ್ಲಿ ಈ ಸಂಖ್ಯೆ ೨,೩೧,೧೯೫ಕ್ಕೆ ಏರಿತು. ೨೦೨೪ರ ಡಿಸೆಂಬರಿನಲ್ಲಿ ನ್ಯಾಯಾಲಯವು ಇವನ್ನು ಸ್ಥಳದಲ್ಲಿಯೇ ಪರಿಶೀಲಿಸಿ ಎಲ್ಲೆ ಗುರುತಿಸುವ ಕೆಲಸವನ್ನು ಮುಗಿಸಲು ರಾಜ್ಯಗಳಿಗೆ ಮೂರು ತಿಂಗಳ ಅವಧಿ ಕೊಟ್ಟಿತು. ಆಕಾಶದಿಂದ ನೋಡುವ ಉಪಗ್ರಹಕ್ಕೆ ನೀರಾವರಿಯ ಕೆರೆ ಯಾವುದು, ಸಹಜ ಕೊಳ ಯಾವುದು ಎಂಬ ಭೇದವು ಕಾಯಿದೆಗೆ ಬೇಕಾದಷ್ಟು ಸ್ಪಷ್ಟವಾಗಿ ತಿಳಿಯದು. ಅದನ್ನು ನೆಲದ ಮೇಲೆ ನಿಂತೇ ತೀರ್ಮಾನಿಸಬೇಕು. ಹೀಗೆ ನ್ಯಾಯಾಲಯ ಕೇಳಿರುವುದು ವಿಜ್ಞಾನದ ಕೆಲಸ. ಆ ಕೆಲಸದ ಫಲಕ್ಕೆ ಬೆಲೆ ಬರುವುದು ಕಾನೂನಿನಿಂದ. ಇವೆರಡನ್ನೂ ಬಲ್ಲ ತರುಣರು ಪ್ರತಿ ತಾಲ್ಲೂಕಿಗೂ ಹತ್ತು ಮಂದಿ ಸಿಕ್ಕರೆ ಸಾಕು. ಸಿಗುವರೆ ಎಂಬುದು ಪಾಠಕ್ರಮದ ಪ್ರಶ್ನೆ.

ಪಾಠಕ್ರಮದಲ್ಲಿ ಇದಕ್ಕೆ ಸ್ಥಳವಿಲ್ಲವೆಂಬ ಉತ್ತರವನ್ನು ನಾವು ಹಲವು ಬಾರಿ ಕೇಳಿದ್ದೇವೆ. ಸ್ಥಳವಿದೆ. ೧೯೯೧ರ ನವೆಂಬರ್ ೨೨ರಂದು ಎಂ. ಸಿ. ಮೆಹತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯ ವಿಷಯವಾಗಿ ಮಾಡುವಂತೆ ನಿರ್ದೇಶಿಸಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೩ರ ಸುಮಾರಿಗೆ ಎಲ್ಲ ಪದವಿಗಳಿಗೂ ಅನ್ವಯಿಸುವ ಆರು ತಿಂಗಳ ಪಠ್ಯವನ್ನು ರೂಪಿಸಿತು. ಎಂಟು ಘಟಕಗಳು, ಐವತ್ತು ಉಪನ್ಯಾಸಗಳು. ಅವುಗಳಲ್ಲಿ ಎಂಟನೆಯ ಘಟಕವು ಕ್ಷೇತ್ರಕಾರ್ಯ, ಅದಕ್ಕೆ ಐದು ಗಂಟೆ. ಬರೆಯುವ ಪರೀಕ್ಷೆಗೆ ೭೫ ಅಂಕಗಳು, ಕ್ಷೇತ್ರಕಾರ್ಯಕ್ಕೆ ೨೫. ಇತ್ತ ಭಾರತೀಯ ವಕೀಲರ ಪರಿಷತ್ತಿನ ೨೦೦೮ರ ನಿಯಮಗಳಂತೆ ಕಾನೂನು ಪದವಿಗೆ ಪರಿಸರ ಕಾನೂನು ಕಡ್ಡಾಯ ಪತ್ರಿಕೆ. ಪದವಿಯ ಚೌಕಟ್ಟು ೨೦೨೧ರಲ್ಲಿ ನಾಲ್ಕು ವರ್ಷದ ಯೋಜನೆಯಾಗಿ, ೨೦೨೪ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿದ್ದರಿಂದ ಪತ್ರಿಕೆಗಳ ಹೆಸರು, ಅಂಕಗಳು ಅಲ್ಲಲ್ಲಿ ಬದಲಾಗಿರಬಹುದು. ಕ್ಷೇತ್ರಕಾರ್ಯದ ತತ್ತ್ವವು ಬದಲಾಗಿಲ್ಲ. ಬದಲಾಗಿರುವುದು, ಅಥವಾ ಆರಂಭದಿಂದಲೂ ಹಾಗೆಯೇ ಇರುವುದು, ಅದನ್ನು ನಡೆಸುವ ಬಗೆ. ಕಾಲೇಜಿನ ಆವರಣದಲ್ಲಿ ಸಸಿ ನೆಟ್ಟ ಚಿತ್ರವನ್ನು ಅಂಟಿಸಿ, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ವರದಿಯನ್ನು ನಕಲು ಮಾಡಿ ೨೫ ಅಂಕಗಳನ್ನು ಪಡೆಯುವ ಪದ್ಧತಿಯನ್ನು ನಮ್ಮಲ್ಲಿ ಕಾಣದ ಅಧ್ಯಾಪಕರಿಲ್ಲ. ಅದಕ್ಕೆ ವಿದ್ಯಾರ್ಥಿಗಳನ್ನೇ ದೂರುವುದು ನ್ಯಾಯವಲ್ಲ; ನೂರಾರು ವರದಿಗಳನ್ನು ಓದಬೇಕಾದ ಅಧ್ಯಾಪಕರಿಗೂ ಅದೇ ಸುಲಭವಾಗಿರುತ್ತದೆ.

ಇದರ ಬದಲು ಆ ಐದು ಗಂಟೆಗಳನ್ನು ಒಂದು ಕೆರೆಗೆ ಕೊಡಬಹುದು. ವಿಜ್ಞಾನದ ಪದವಿ ಕಾಲೇಜೂ ಹತ್ತಿರದ ಕಾನೂನು ಕಾಲೇಜೂ ಒಂದೇ ಕೆರೆಯನ್ನು ಆರಿಸಿಕೊಳ್ಳಲಿ. ಗುರುತು ಹಾಕಿದ ಬಿದಿರಿನ ಗಳು, ದಾರ, ಮಟ್ಟಸಾಧನ ಇಷ್ಟರಿಂದಲೇ ಆಳದ ನಕ್ಷೆಯನ್ನು ತಯಾರಿಸಬಹುದು. ದುಬಾರಿ ಉಪಕರಣ ಬೇಡ. ಜೀವವಿಜ್ಞಾನದವರು ಹಕ್ಕಿ, ಮೀನು, ಗಿಡಗಳ ಪಟ್ಟಿ ಮಾಡಲಿ. ಕಾನೂನಿನವರು ಆಕಾರಬಂದ, ಟಿಪ್ಪಣಿ, ಗ್ರಾಮನಕ್ಷೆಗಳ ಪ್ರತಿಗಳನ್ನು ತರಲಿ. ಕೇಳಿ ಪಡೆಯಲು ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಹೀಗೆ ಆದ ವರದಿ ಕಪಾಟಿನಲ್ಲಿ ಕೊಳೆಯಬೇಕಾಗಿಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯ ೪೧ನೆಯ ಕಲಮಿನಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ವಿದ್ಯಾರ್ಥಿಗಳ ಪಟ್ಟಿಗೆ ಅಲ್ಲಿ ಕಾನೂನುಬದ್ಧವಾದ ಮನೆಯೊಂದು ಸಿದ್ಧವಾಗಿಯೇ ಇದೆ. ಆಳದ ನಕ್ಷೆಯನ್ನು ೨೦೧೪ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಯ ಕೆಳಗಿನ ಅಧಿಕಾರಿಗಳಿಗೆ ಕಳುಹಿಸಬಹುದು. ಅವರು ಓದುತ್ತಾರೆಯೋ ಇಲ್ಲವೋ, ಐದು ವರ್ಷಗಳ ಅನಂತರ ಅದೇ ಕೆರೆಯನ್ನು ಅಳೆಯುವ ಮುಂದಿನ ತಂಡವು ಓದಿಯೇ ಓದುತ್ತದೆ.

ಇಂತಹ ಅಭ್ಯಾಸವನ್ನು ಆರಂಭಿಸುವ ಅಧ್ಯಾಪಕರಿಗೆ ಮೊದಲ ದಿನದ ಪ್ರಯೋಗವೊಂದನ್ನು ಸೂಚಿಸುತ್ತೇವೆ. ಫೆಬ್ರವರಿಯ ಒಂದು ಮುಂಜಾನೆ ವಿದ್ಯಾರ್ಥಿಗಳನ್ನು ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ಕೆರೆ ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿ ಹೋಗಿ ನಿಲ್ಲಿರಿ ಎಂದಷ್ಟೇ ಹೇಳಬೇಕು. ಪರಿಸರದ ವಿದ್ಯಾರ್ಥಿಯು ಅಂದಿನ ನೀರಿನ ಅಂಚಿನಲ್ಲಿ, ಆಪು ಜೊಂಡುಗಳ ನಡುವೆ ನಿಲ್ಲುತ್ತಾನೆ. ವಿಜ್ಞಾನದ ವಿದ್ಯಾರ್ಥಿಯು ಕೋಡಿಯ ಮಟ್ಟವನ್ನು ಹಿಡಿದು, ಕೆರೆ ತುಂಬಿದಾಗ ನೀರು ಮುಟ್ಟುವ ಗೆರೆಯನ್ನು ಹುಡುಕಿಕೊಂಡು ಮೇಲಕ್ಕೆ ನಡೆಯುತ್ತಾಳೆ. ಕಾನೂನಿನ ವಿದ್ಯಾರ್ಥಿಯು ನಕ್ಷೆಯನ್ನು ಬಿಡಿಸಿಕೊಂಡು, ಬಹುಶಃ ಯಾರದೋ ಹೊಲದ ಬದುವಿನ ಜಾಲಿಯ ಪೊದೆಯಲ್ಲಿ ಹುದುಗಿರುವ ಮೋಜಣಿಯ ಕಲ್ಲನ್ನು ಹುಡುಕುತ್ತಾನೆ. ಆಮೇಲೆ ಸರಪಳಿಯನ್ನು ಹಿಡಿದು ಆ ಮೂವರ ನಡುವಣ ಅಂತರವನ್ನು ಅಳೆದು ಬರೆದುಕೊಳ್ಳಬೇಕು.